ಮಾತಿನ ರಾಗ, ಜಾತಿಯ ರಾಗ

ಅಮೆರಿಕದಲ್ಲಿ ನಮ್ಮ ಕಡೆಯ ಮುಖ ಕಂಡರೆ ಕೆಲವರು ಕೇಳುವ ಒಂದು ಪ್ರಶ್ನೆ ಇದೆ: 'ನೀನು ಇಂಡಿಯನ್ ಮಾತಾಡ್ತೀಯಾ? ಹಿಂದೂ ಮಾತಾಡ್ತೀಯಾ?' ಬೆಂಗಳೂರಿನ ಆರ್‌ಪಿಸಿ ಲೇಔಟಿನಲ್ಲಿ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ನೋಡಿ ಗೇಟು ತಟ್ಟಿದವರಿಗೂ ಒಂದು ಪ್ರಶ್ನೆ ಕಾದಿರುತ್ತೆ: 'ನೀವು ಯಾವ ಪೈಕಿ? ವೆಜ್ಜಾ, ನಾನ್‌ವೆಜ್ಜಾ?' ಎರಡೂ ತಿಳಿದುಕೊಳ್ಳಲು ಕೇಳುವ ಪ್ರಶ್ನೆಗಳಲ್ಲ. ಎದುರಿಗೆ ನಿಂತವನನ್ನು ಎಲ್ಲಿ ಇಡಬೇಕು ಅಂತ ಗೊತ್ತುಮಾಡಿಕೊಳ್ಳಲು ಕೇಳುವಂಥವು.

ಮೊದಲನೆಯ ಪ್ರಶ್ನೆಗೆ ಕನ್ನಡ ಮನೆತನದ ಒಬ್ಬ ಸಂಗೀತಗಾರರು ಉತ್ತರ ಕೊಟ್ಟಿದ್ದಾರೆ. ಹೆಸರು ರುದ್ರೇಶ್ ಮಹಾಂತಪ್ಪ. 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬೆಳೆದವರು. ತಂದೆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮಗನ ಕೈಗೆ ಬಂದದ್ದು ಸ್ಯಾಕ್ಸೊಫೋನ್, ಒಲಿದದ್ದು ಜಾಝ್. 2004ರಲ್ಲಿ ಬಂದ ಅವರ 'ಮದರ್ ಟಂಗ್' ಧ್ವನಿಮುದ್ರಿಕೆ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಅಲ್ಲಿನ ಭಾರತೀಯ ಮೂಲದವರಿಗೆ ಇದೇ ಪ್ರಶ್ನೆ ಹಾಕಿ, ಅವರವರ ತಾಯ್ನುಡಿಯಲ್ಲಿ ಬಂದ ಉತ್ತರಗಳ ಏರಿಳಿತವನ್ನು ಸ್ವರಕ್ಕಿಳಿಸಿ, ಅದರ ಮೇಲೆ ಸಂಗೀತ ಕಟ್ಟಿದರು. 'ಕನ್ನಡ', 'ತೆಲುಗು', 'ತಮಿಳು', 'ಕೊಂಕಣಿ', ಹೀಗೆ ರಚನೆಗಳ ಹೆಸರು. ಪಿಯಾನೊಗೆ ಕೂತವರು ವಿಜಯ್ ಅಯ್ಯರ್, ಅದೇ 1971ರಲ್ಲಿ ಅಲ್ಲಿಯೇ ಹುಟ್ಟಿದ ತಮಿಳು ಮೂಲದ ಪಿಯಾನೊ ವಾದಕ, ಸಂಗೀತ ರಚನಕಾರ.

ಜಾಝ್ ಅಂದರೆ ದೊಡ್ಡ ಹೋಟೆಲುಗಳ ಮಬ್ಬು ಬೆಳಕಿನ ಸಂಗೀತ ಅಂತ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಬೆಂಗಳೂರಿನಲ್ಲಿ ಅದು ಕಾಣಿಸುವುದೂ ಹಾಗೆಯೇ. 2023ರಿಂದ ವಿಜಯನಗರದಲ್ಲಿ ಹತ್ತಿದ ಮೆಟ್ರೊ ನೇರ ವೈಟ್‌ಫೀಲ್ಡ್ ಮುಟ್ಟಿಸುತ್ತೆ. ಆದರೆ ಅಂಥ ಕಡೆ ಟಿಕೆಟ್ಟು ಕೊಂಡು, ಊಟಕ್ಕೆ ದುಡ್ಡು ತೆತ್ತು ಜಾಝ್ ಕೇಳುವವರ ನಡುವೆ ನಮ್ಮ ಹುಡುಗರು ಎಷ್ಟು ಮಂದಿ? ರೈಲು ಹೋಗುತ್ತೆ, ನಾವು ಹೋಗಲ್ಲ.

ಆದರೆ ಈ ಸಂಗೀತದ ತಾಯಿಬೇರು ಅಲ್ಲಿಲ್ಲ. ಗುಲಾಮರಾಗಿ ಮಾರಾಟವಾದವರ ಮಕ್ಕಳು, ಮೊಮ್ಮಕ್ಕಳು ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ ಮದುವೆಗೂ ಸಾವಿಗೂ ಊದಿ, ಬಾರಿಸಿ ಕಟ್ಟಿದ್ದು ಇದು. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮ್‌ನ ಚರ್ಚಿಗೆ ಬಿಳಿಯ ಜನಾಂಗದ್ವೇಷಿಗಳು ಬಾಂಬಿಟ್ಟು ನಾಲ್ವರು ಕಪ್ಪು ಹುಡುಗಿಯರನ್ನು ಕೊಂದರು. ಎರಡೇ ತಿಂಗಳಲ್ಲಿ ಜಾನ್ ಕೋಲ್ಟ್ರೇನ್ 'ಅಲಬಾಮಾ' ನುಡಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣದ ಲಯವೇ ಅದರಲ್ಲಿದೆ ಎಂಬ ಮಾತುಂಟು. ಮಾತಿನಿಂದ ರಾಗ ತೆಗೆಯುವ ದಾರಿ ಮಹಾಂತಪ್ಪನವರಿಗೆ ಸಿಕ್ಕಿದ್ದು ಇಂಥ ಸಂಗೀತದಲ್ಲೇ.

ಈ ಜನ ನಮಗೆ ಪರಕೀಯರಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಚಿಂತಕ ಡು ಬೋಯ್ಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಬೊಂಬಾಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನೇ ಅವರಿಂದ ಪಡೆದರು. ಅವರ ಹೆಸರು ಪಡೆದ ನಾವು ಅವರ ಸಂಗೀತವನ್ನು ಉಳ್ಳವರ ಹಾಲ್‌ಗಳಿಗೆ ಬಿಟ್ಟುಕೊಟ್ಟಿದ್ದೇವೆ.

ಇನ್ನು ಈ ಇಬ್ಬರ ಏರಿಕೆ ನೋಡೋಣ. ಮಹಾಂತಪ್ಪನವರಿಗೆ 2007ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಬಂತು. ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು. ಅಯ್ಯರ್ ಅವರಿಗೆ 2013ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು, 2014ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕ ಹುದ್ದೆ. ಇದು ಪ್ರತಿಭೆಗೆ ಸಂದದ್ದು, ತಕರಾರಿಲ್ಲ. ಆದರೆ ಬರೀ ಪ್ರತಿಭೆಯಿಂದಲೇ ಬಂತು ಅಂದರೆ ನಾವು ಒಪ್ಪುವುದಿಲ್ಲ. ಅಯ್ಯರ್ ಕೂಡ ಒಪ್ಪುವುದಿಲ್ಲ. ಏಷ್ಯಾ ಮೂಲದವರ ಯಶಸ್ಸು ಆ ದೇಶದ ಅಸಮಾನತೆಯಲ್ಲಿ ಪಾಲುದಾರನಾಗುತ್ತದೆ ಅಂತ 2014ರಲ್ಲಿ ಯೇಲ್‌ನಲ್ಲಿ ಯಶಸ್ವಿಗಳನ್ನೇ ಎದುರಿಗೆ ಕೂರಿಸಿಕೊಂಡು ಅವರು ಹೇಳಿದರು. ಇದು ಸಣ್ಣ ಮಾತಲ್ಲ.

ಅದೇ ಅಳತೆಗೋಲನ್ನು ನಾವು ಇಲ್ಲಿಗೆ ತರುತ್ತೇವೆ. ಅಮೆರಿಕದ 1965ರ ವಲಸೆ ಕಾಯ್ದೆ ಓದಿದವರಿಗೆ ಬಾಗಿಲು ತೆಗೆಯಿತು. ನಮ್ಮಲ್ಲಿ ಶಾಲೆಯ ಬಾಗಿಲು ಯಾರಿಗೆ ಮೊದಲು ತೆರೆದಿತ್ತೋ ಆ ಜನವೇ ಹೆಚ್ಚಾಗಿ ವಿಮಾನ ಹತ್ತಿತು. ಹಾಗಿದ್ದಾಗ ಅಲ್ಲಿನವರ ಬಾಯಿಂದ ಬಂದ ಒಂದು ಉತ್ತರಕ್ಕೆ 'ಕನ್ನಡ' ಅಂತ ಹೆಸರಿಟ್ಟರೆ ನಮಗೆ ಕೇಳಬೇಕೆನಿಸುತ್ತೆ: ಯಾವ ಕನ್ನಡ? 'ಇಂಡಿಯನ್' ಎಂಬ ಒಂದೇ ಚೀಲಕ್ಕೆ ತುಂಬಬೇಡಿ ಅಂತ ತಕರಾರು ತೆಗೆದ ಕೃತಿ ಕನ್ನಡವನ್ನು ಮತ್ತೊಂದು ಚೀಲಕ್ಕೆ ತುಂಬಬಹುದೆ?

ಕನ್ನಡ ಒಂದಲ್ಲ. ಕೋಲಾರದ್ದು ಬೇರೆ, ಕಲಬುರ್ಗಿಯದು ಬೇರೆ. ಅದಕ್ಕಿಂತ ಮುಖ್ಯ, ಒಂದೇ ಊರಿನೊಳಗೆ ಊರಿನದು ಬೇರೆ, ಕೇರಿಯದು ಬೇರೆ. ಇದನ್ನು ದೇವನೂರ ಮಹಾದೇವರು 1984ರ 'ಕುಸುಮಬಾಲೆ'ಯಲ್ಲಿ ತೋರಿಸಿಕೊಟ್ಟರು. ಆದರೆ ನಾವು ಇಲ್ಲಿ ಹೇಳುತ್ತಿರುವುದು ಪದಗಳ ಸಂಗತಿಯಲ್ಲ, ರಾಗದ ಸಂಗತಿ. ಜೀತಕ್ಕಿದ್ದ ಅಪ್ಪ ಹಟ್ಟಿಯ ಮುಂದೆ ನಿಂತು 'ಆಯ್ತು ಬುದ್ಧಿ' ಅಂದಾಗ ದನಿ ಮೇಲಿನಿಂದ ಕೆಳಕ್ಕೆ ಇಳಿಯುತ್ತೆ, ಬೆನ್ನಿನ ಹಾಗೆ. ಅವನ ಮಗಳು ಸ್ಕೂಲಿಗೆ ಹೋಗಿ ಬಂದು 'ಯಾಕೆ?' ಅಂದಾಗ ಅದೇ ದನಿ ಕೆಳಗಿನಿಂದ ಮೇಲಕ್ಕೆ ಏಳುತ್ತೆ. ಇಳಿಯುವ ಆ ಸ್ವರ ಸಾವಿರಾರು ವರ್ಷದ್ದು. ಏರುವ ಈ ಸ್ವರಕ್ಕೆ ಈ ನೆಲದಲ್ಲಿ ಹೋರಾಟದ ಬಲ ಬಂದದ್ದು ಎಪ್ಪತ್ತರ ದಶಕದಲ್ಲಿ. 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದದ್ದು ಈ ಏರುದನಿಯೇ. ಮಾತಿನ ಏರಿಳಿತವನ್ನು ಸ್ವರಕ್ಕಿಳಿಸುವ ವಿದ್ಯೆ ಕೈಲಿದ್ದವನಿಗೆ ಇದಕ್ಕಿಂತ ದೊಡ್ಡ ರಾಗ ಬೇಕೆ? 'ಮದರ್ ಟಂಗ್'ನ ಹೆಚ್ಚುಗಾರಿಕೆ ವಿಧಾನದಲ್ಲಿದೆ, ಕೊರತೆ ಕಿವಿಯಲ್ಲಿದೆ. ಬಣ್ಣದ ಪ್ರಶ್ನೆಯನ್ನು ಕೇಳಿಸಿಕೊಂಡ ಕಿವಿಗೆ ಜಾತಿಯ ರಾಗ ಕೇಳಿಸಿಲ್ಲ.

ಇವರ ಇನ್ನೊಂದು ಕೃತಿ 2008ರ 'ಕಿನ್ಸ್‌ಮೆನ್'. ಅದರಲ್ಲಿ ಜೊತೆಗೆ ನುಡಿಸಿದವರು ನಮ್ಮ ಕದ್ರಿ ಗೋಪಾಲನಾಥ್. 1949ರಲ್ಲಿ ಬಂಟ್ವಾಳದ ಸಜಿಪಮೂಡದಲ್ಲಿ ಹುಟ್ಟಿದವರು, ತಂದೆ ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಅದನ್ನು ಹಿಡಿದು, ಪಳಗಿಸಿ, ಗಮಕ ನುಡಿಸಿದರು. ಬಾಸ್ಟನ್ನಿನಲ್ಲಿ ಓದುತ್ತಿದ್ದ ಮಹಾಂತಪ್ಪನವರಿಗೆ ಸೋದರ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆ ಕೊಟ್ಟರಂತೆ. ಆ ತಮಾಷೆ ಬದುಕಿನ ದಿಕ್ಕು ಬದಲಿಸಿತು. ಇಬ್ಬರೂ ಸೇರಿ ನುಡಿಸಿದ್ದನ್ನು ಕೇಳಿದರೆ ಯಾರೂ ಯಾರಿಗೂ ಪಕ್ಕವಾದ್ಯವಲ್ಲ ಅನ್ನಿಸುತ್ತೆ. ನಮಗೆ ಇದು ಅವರ ದೊಡ್ಡ ಕೆಲಸ.

ಆದರೂ ಒಂದು ಮಾತು. ಸ್ಯಾಕ್ಸೊಫೋನಿಗೆ ಮರ್ಯಾದೆ ಬಂದದ್ದು ಅದು ಕಛೇರಿಯ ಕೃತಿ ನುಡಿಸಿದ ಮೇಲೆ. ಇದು ಗೋಪಾಲನಾಥರನ್ನು ಹಳಿಯುವ ಮಾತಲ್ಲ, 2019ರಲ್ಲಿ ತೀರಿಕೊಂಡ ಆ ದೊಡ್ಡ ಕಲಾವಿದರು ತಮ್ಮ ಉಸಿರಿನಿಂದ ಗೆದ್ದವರು. ಪ್ರಶ್ನೆ ಮರ್ಯಾದೆ ಹಂಚುವ ವ್ಯವಸ್ಥೆಯದು. ಅವರಿಗೆ ಪದ್ಮಶ್ರೀ ಬಂದದ್ದು 2004ರಲ್ಲಿ. ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಬಂದದ್ದು 2023ರಲ್ಲಿ. ತಮಟೆ ಸ್ಯಾಕ್ಸೊಫೋನಿಗಿಂತ ಎಷ್ಟು ಹಳೆಯದು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ನ್ಯೂ ಆರ್ಲಿಯನ್ಸ್‌ನ ಕಪ್ಪು ಜನ ತಮ್ಮವರ ಸಾವಿಗೆ ತಾವು ಬಾರಿಸಿದರು. ನಮ್ಮವರು ಗೌಡರ ಸಾವಿಗೆ ಬಿಟ್ಟಿ ಬಾರಿಸಿದರು. ಬಾರಿಸೋದಿಲ್ಲ ಅಂದ ಕೇರಿಗಳು ಬಹಿಷ್ಕಾರ ಉಂಡವು. ವಾದ್ಯ ಕೆಳಗಿಟ್ಟದ್ದೂ ನಮ್ಮ ಸಂಗೀತದ ಚರಿತ್ರೆಯೇ. ಹಾಗೆ ಕೆಳಗಿಟ್ಟದ್ದನ್ನು ಈಗ ಸ್ವಂತ ಇಷ್ಟದಿಂದ, ಸ್ವಂತ ಮಾತಿಗೆ ಎತ್ತಿಕೊಳ್ಳುವ ಕಾಲ.

ಆರ್‌ಪಿಸಿ ಲೇಔಟಿನ ಸುತ್ತ ಪರೀಕ್ಷೆಗೆ ಓದುವ ನೂರಾರು ಹಳ್ಳಿ ಹುಡುಗ ಹುಡುಗಿಯರಿದ್ದಾರೆ. ಅಲ್ಲೇ ಕಲ್ಯಾಣ ಮಂಟಪಗಳ ಬಾಗಿಲಲ್ಲಿ ಸ್ಯಾಕ್ಸೊಫೋನ್ ಊದುವವರಿದ್ದಾರೆ. ಊದಿ ಮುಗಿದ ಮೇಲೆ ಕೊನೆಯ ಪಂಕ್ತಿಯಲ್ಲಿ ಉಂಡು ಹೋಗುತ್ತಾರೆ. ಈ ಎರಡು ಗುಂಪುಗಳು ಒಬ್ಬರನ್ನೊಬ್ಬರು ಮಾತಾಡಿಸಿಲ್ಲ. ಮಾತಾಡಿಸಲಿ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನ ಮಕ್ಕಳು 'ಯಾಕೆ?' ಅನ್ನುವುದನ್ನು ಮೊಬೈಲಿನಲ್ಲಿ ಹಿಡಿಯಿರಿ. ಬ್ಯಾಂಡ್‌ಸೆಟ್ಟಿನವರ ಕೈಲಿ ಅದನ್ನು ಊದಿಸಿ, ತಮಟೆಯವರ ಕೈಲಿ ಬಡಿಸಿ, ಕೇರಿಯ ಮಕ್ಕಳಿಗೆ ವಾದ್ಯ ಕೊಡಿ ಅಂತ ಸರ್ಕಾರದ ಮುಂದೆ ಕೂರೋಣ. ಮಹಾಂತಪ್ಪನವರು ವಿಧಾನ ತೋರಿಸಿದ್ದಾರೆ, ಅದಕ್ಕೆ ನಮ್ಮ ಸಲಾಮು. ಉಳಿದ ಕನ್ನಡಗಳನ್ನು ನುಡಿಸುವ ಕೆಲಸ ಅವರದಲ್ಲ, ನಮ್ಮದು.