ಪಿಂಚಣಿಯಲ್ಲೇ ಮುಗಿಯುವ ಹಿರಿಯರ ಸಭೆ

ತೆಲಂಗಾಣದ 2018ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮೆಚ್ಚಲೇಬೇಕಾದ ಒಂದು ಮಾತಿದೆ. ಎರಡು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಬೇಕು, ವರ್ಷದಲ್ಲಿ ಎರಡು ಸಭೆಗಳನ್ನಾದರೂ ಹಿರಿಯರು, ಅಂಗವಿಕಲರು ಮುಂತಾದವರ ತೊಂದರೆಗಳಿಗೇ ಮೀಸಲಿಡಬೇಕು. ಮುಪ್ಪಿನ ಕಷ್ಟಸುಖ ಕೇಳುವುದಕ್ಕೆಂದೇ ಊರು ಸೇರಬೇಕೆಂದು ಕಾನೂನು ಹೇಳುವುದು ಸಣ್ಣ ವಿಷಯವಲ್ಲ.

ನಾರಾಯಣಪೇಟೆ ಜಿಲ್ಲೆಯ ಮದ್ದೂರು ಮಂಡಲದ ಹಳ್ಳಿಗಳಿಗಂತೂ ಇಂಥ ಸಭೆ ಬೇಕೇ ಬೇಕು. ಈ ಹಳ್ಳಿಗಳಿರುವ ಪಾಲಮೂರು ಸೀಮೆಯ ದುಡಿಯುವ ಕೈಗಳು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗುವುದು ತಲೆಮಾರುಗಳಿಂದ ನಡೆದುಬಂದಿದೆ. ಊರಲ್ಲಿ ಉಳಿಯುವವರು ಮುತ್ಯಾ, ಆಯಿ, ಶಾಲೆಗೆ ಹೋಗುವ ಮೊಮ್ಮಕ್ಕಳು. ಆ ಮುತ್ಯಾ ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು ಯಾರು? ಹಿರಿಯರ ಸಭೆ ಎಂಬುದಕ್ಕೆ ಅರ್ಥವಿದ್ದರೆ ಅದು ಮೊದಲು ಎತ್ತಬೇಕಾದ ಪ್ರಶ್ನೆ ಇದು.

ಆದರೆ ಸಭೆಯಲ್ಲಿ ನಡೆಯುವುದೇ ಬೇರೆ. ಶಾಮಿಯಾನದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಗಳು ಸರ್ಪಂಚರಿಗೆ, ಕಾರ್ಯದರ್ಶಿಗೆ, ಮಂಡಲದಿಂದ ಬಂದವರಿಗೆ. ಯಾರ ಸಲುವಾಗಿ ಸಭೆ ಕರೆದಿದೆಯೋ ಅವರು ನೆಲದ ಜಮಖಾನೆಯ ಮೇಲೆ. ಒಮ್ಮೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕಾದವರು ಗೋಡೆಗೆ ಒರಗಿ ನಿಂತೇ ಇರುತ್ತಾರೆ. ಮಾತೆಲ್ಲ ಪಿಂಚಣಿಯದು. ಸರ್ಕಾರದ ಆಸರಾ ಯೋಜನೆ 2014ರಲ್ಲಿ 200 ರೂಪಾಯಿಯ ತಿಂಗಳ ಪಿಂಚಣಿಯನ್ನು 1,000 ಮಾಡಿತು, 2019ರಲ್ಲಿ ಅದು 2,016 ಆಯಿತು, 2023ರ ಚುನಾವಣೆಯಲ್ಲಿ 4,000ದ ಭರವಸೆ ಬಂತು. ಪಿಂಚಣಿ ಯಾವಾಗ ಏರುತ್ತದೆ, ಪಟ್ಟಿಯಲ್ಲಿ ಹೆಸರು ಯಾಕಿಲ್ಲ, ಕಲ್ಲುಮಣ್ಣು ಹೊತ್ತು ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯದಿದ್ದರೆ ಏನು ಗತಿ? ನ್ಯಾಯವಾದ ಪ್ರಶ್ನೆಗಳೇ. ಆ ದುಡ್ಡಿನಲ್ಲೇ ಬಿಪಿ ಮಾತ್ರೆ, ಮೊಮ್ಮಗನ ನೋಟುಬುಕ್ಕು ಎರಡೂ ಬರಬೇಕು. ಅಷ್ಟರಲ್ಲಿ ನಿರ್ಣಯದ ಪುಸ್ತಕ ಹೆಬ್ಬೆಟ್ಟಿಗಾಗಿ ಸಾಲಿನಲ್ಲಿ ಬರುತ್ತದೆ, ಸಭೆ ಮುಗಿಯುತ್ತದೆ.

ನನ್ನ ತಕರಾರು ಇಲ್ಲಿಂದ ಶುರು. ಈ ಸಭೆಗೆ ನಡೆದು ಬರಬಲ್ಲವರು ಮಾತ್ರ ಬರುತ್ತಾರೆ. ಲಕ್ವ ಹೊಡೆದು ಮಲಗಿದ ಹೆಣ್ಣುಮಗಳು ಬರಲಾರಳು. ಅವಳನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು ಒರೆಸಿ ಒಣಗಿಸಿ, ಸೊಂಟದ ಹತ್ತಿರ ಚರ್ಮ ಕೆಂಪೇರಿದೆಯೇ ಎಂದು ನೋಡಿ, ಗಂಜಿಯನ್ನು ಗಂಟಲಿಗೆ ಸಿಕ್ಕದ ಹಾಗೆ ತಲೆ ಎತ್ತಿ ಚಮಚದಲ್ಲಿ ಕುಡಿಸುವವರೂ ಬರಲಾರರು, ಬಿಟ್ಟು ಬರುವಂತಿಲ್ಲ. ಸೊಸೆ ದುಡಿಮೆಗೆ ಹೋಗಿದ್ದರೆ ಆ ಕೆಲಸ ಎಪ್ಪತ್ತು ದಾಟಿದ ಗಂಡನದು. ಅವನಿಗೆ ಇದನ್ನು ಯಾರೂ ಕಲಿಸಿಲ್ಲ. ಮಗ್ಗುಲು ಬದಲಿಸದೆ ಬಿಟ್ಟ ಒಂದು ರಾತ್ರಿಯಲ್ಲಿ ಶುರುವಾದ ಹುಣ್ಣು ತಿಂಗಳುಗಟ್ಟಲೆ ಮಾಯುವುದಿಲ್ಲ. ಹಿರಿಯರ ಆರೈಕೆ ಎಂದರೆ ಇದು. ನಿರ್ಣಯದ ಪುಸ್ತಕದಲ್ಲಿ ಇದರ ಒಂದು ಸಾಲೂ ಇರುವುದಿಲ್ಲ.

ಇದನ್ನು ಸಭೆಯಲ್ಲಿ ಕೇಳುವುದಕ್ಕೆ ಆಧಾರವಿಲ್ಲವೆಂದಲ್ಲ. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ತಪಾಸಣೆ ನಡೆಯಬೇಕು, ಹಾಸಿಗೆ ಹಿಡಿದವರ ಮನೆಗೆ ಸಿಬ್ಬಂದಿ ಹೋಗಬೇಕು. ಎಷ್ಟು ಮನೆಗೆ ಹೋದಿರಿ ಎಂದು ಆರೋಗ್ಯ ಸಹಾಯಕಿಯಾದ ಎಎನ್‌ಎಂ ಅವರನ್ನು ಎದುರಿಗೇ ಕೇಳಬಹುದಾದ ಜಾಗ ಗ್ರಾಮಸಭೆಯಲ್ಲದೆ ಇನ್ನಾವುದು? ಕೇರಳದಲ್ಲಿ 2008ರ ಉಪಶಮನ ಆರೈಕೆ ನೀತಿಯ ನಂತರ ಈ ಕೆಲಸ ಪಂಚಾಯಿತಿಗಳ ಕೈಗೆ ಬಂದು, ನರ್ಸ್ ಮನೆಮನೆಗೆ ಹೋಗುವ ಏರ್ಪಾಡು ಬೆಳೆಯಿತು. ಆಸ್ಟ್ರಿಯಾದ ಫೋರಾರ್ಲ್‌ಬರ್ಗ್ ಪ್ರಾಂತ್ಯದಲ್ಲಿ ಊರೂರಿನ ಶುಶ್ರೂಷಾ ಸಂಘಗಳೇ ಮನೆಗೆ ನರ್ಸ್ ಕಳಿಸುತ್ತವೆ. ಚಂದಾ ಕಟ್ಟಿದ ಸದಸ್ಯರು ಸಭೆಯಲ್ಲಿ ವರ್ಷದ ಕೆಲಸದ ವರದಿಯನ್ನೂ ಖರ್ಚಿನ ಲೆಕ್ಕವನ್ನೂ ಕೇಳುತ್ತಾರೆ. ಚಂದಾ ಕಟ್ಟದೆಯೇ ಪ್ರತಿ ಮತದಾರನೂ ಸದಸ್ಯನಾಗುವ ನಮ್ಮ ಗ್ರಾಮಸಭೆ ಅದಕ್ಕಿಂತ ದೊಡ್ಡ ವ್ಯವಸ್ಥೆ. ಬಡವರನ್ನು ಅದು ಹೊರಗಿಡುವುದಿಲ್ಲ. ಕೊರತೆಯಿರುವುದು ವರದಿಯದು.

ಭಾಷೆಯ ಮಾತೂ ಇದೆ. ಪಕ್ಕದ ಕೊಡಂಗಲ್ ತಾಲ್ಲೂಕು 1956ರವರೆಗೆ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಈ ಗಡಿಸೀಮೆಯಲ್ಲಿ ಕನ್ನಡ ಮನೆಮಾತಿನ ಮುದುಕರು ಇಂದಿಗೂ ಇದ್ದಾರೆ. ಸಭೆ ತೆಲುಗಿನಲ್ಲಿ ನಡೆಯಲಿ, ಆದರೆ ಮೂತ್ರ ನಿಲ್ಲುವುದಿಲ್ಲ ಎಂಬಂಥ ನಾಚಿಕೆಯ ನೋವನ್ನು ಅವರ ಮಾತಿನಲ್ಲಿ ಕೇಳಿಸಿಕೊಳ್ಳುವವರು ಒಬ್ಬರಾದರೂ ಇರಬೇಕು.

ಹಾಗಾಗಿ ಪಿಂಚಣಿಗೆ ಮುಂಚೆ ಹಾಸಿಗೆ ಹಿಡಿದವರ ಪಟ್ಟಿ ಚರ್ಚೆಗೆ ಬರಲಿ. ಸಭೆಗೆ ಎರಡು ದಿನ ಮೊದಲು ಆಶಾ ಕಾರ್ಯಕರ್ತೆ ಆ ಮನೆಗಳಿಗೆ ಹೋಗಿ ನೋಡಿಕೊಳ್ಳುವವರ ಮಾತನ್ನು ಬರೆದು ತರಲಿ, ಎಎನ್‌ಎಂ ತಮ್ಮ ಭೇಟಿಗಳ ಲೆಕ್ಕ ಓದಲಿ. ಮೀಸಲಾದ ಎರಡು ಸಭೆಗಳಲ್ಲಿ ಒಂದನ್ನು ದಸರೆಯ ಆಸುಪಾಸಿನಲ್ಲಿ ಕರೆಯಲಿ. ಆಗ ವಲಸೆ ಹೋದ ಮಕ್ಕಳು ಊರಿನಲ್ಲಿರುತ್ತಾರೆ. ಮುಂದಿನ ಹಬ್ಬದವರೆಗೆ ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಪಂಚಾಯಿತಿ, ಆಸ್ಪತ್ರೆ, ಮಗ ಮೂವರೂ ಒಂದೇ ಜಮಖಾನೆಯ ಮೇಲೆ ಕೂತು ತೀರ್ಮಾನಿಸಬಹುದು.