ತುಟಿ ಸೊಟ್ಟಗಾದರೆ ಹಗುರ ಏಕೆ?

ಅಲ್ಯೂಮಿನಿಯಂ ಪಂಥದವರು ಮತ್ತೆ ತಲೆ ಎತ್ತಿದ್ದಾರೆ. ರೈಫಲ್ ಮ್ಯಾಗಜಿನ್, ಅಂದರೆ ತೋಟಾ ತುಂಬುವ ಡಬ್ಬಿ, ಹಗುರವಾದಷ್ಟೂ ಒಳ್ಳೆಯದಂತೆ! ಮೈಸೂರಿನ ಕೈಗಾರಿಕಾ ಪ್ರದೇಶವಾದ ಹೂಟಗಳ್ಳಿಯಲ್ಲಿ ಕೂತು ಈ ಮಾತು ಕೇಳಿಸಿಕೊಳ್ಳುವುದು ಕಷ್ಟ. ಇಲ್ಲಿನ ಪ್ರೆಸ್ ಶಾಪಿನಲ್ಲಿ ನಾಲ್ಕು ದಿನ ಡೈ ಮುಟ್ಟಿದ ಹುಡುಗನಿಗೂ ಗೊತ್ತು, ತಗಡು ಬಗ್ಗಿಸುವುದು ದೊಡ್ಡ ವಿದ್ಯೆಯಲ್ಲ, ಬಗ್ಗಿಸಿದ್ದು ಹಾಗೇ ನಿಲ್ಲಬೇಕು.

ಮ್ಯಾಗಜಿನ್ನಿನ ಜೀವ ಇರುವುದು ಮೇಲಿನ ಎರಡು ತುಟಿಗಳಲ್ಲಿ. ತೋಟಾ ಎಷ್ಟು ಎತ್ತರಕ್ಕೆ, ಯಾವ ಕೋನದಲ್ಲಿ ಬೋಲ್ಟಿನ ಮುಂದೆ ನಿಲ್ಲಬೇಕೆಂದು ತೀರ್ಮಾನಿಸುವುದು ಅವೇ. ಅಲ್ಯೂಮಿನಿಯಂ ತೂಕದಲ್ಲಿ ಉಕ್ಕಿನ ಮೂರನೇ ಒಂದು ಪಾಲು, ನಿಜ. ಬಿಗುವಿನಲ್ಲೂ ಮೂರನೇ ಒಂದೇ ಪಾಲು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸಿಮೆಂಟ್ ನೆಲಕ್ಕೆ ತಲೆಕೆಳಗಾಗಿ ಬಿದ್ದ ಅಲ್ಯೂಮಿನಿಯಂ ಡಬ್ಬಿಯ ತುಟಿಗೆ ವರ್ನಿಯರ್ ಹಿಡಿದು ನೋಡಿ. ಕಣ್ಣಿಗೆ ಕಾಣದ ಸೊಟ್ಟ ಅಲ್ಲಿರುತ್ತದೆ. ತೋಟಾ ಸಿಕ್ಕಿಕೊಂಡಾಗ ಬೈಗುಳ ತಿನ್ನುವುದು ಮಾತ್ರ ಬೋಲ್ಟು.

ಎಕೆ ರೈಫಲ್ಲಿಗೆ ಸೋವಿಯತ್ತಿನವರೂ ಈ ಆಸೆಪಟ್ಟು ನೋಡಿದರು. ಸುಮಾರು 330 ಗ್ರಾಂ ತೂಗುವ ಉಕ್ಕಿನ ಮ್ಯಾಗಜಿನ್ ಬದಲು ಸುಮಾರು 190 ಗ್ರಾಮಿನ ಅಲ್ಯೂಮಿನಿಯಂ ತಂದರು, ಮೈತುಂಬ ಚೌಕಳಿ ಏಣು ಕೊಟ್ಟರು. ಅದು ಸೈನಿಕರ ಕೈಯಲ್ಲಿ ಬಾಳಲಿಲ್ಲ. ಅಮೆರಿಕದ ಎಂ-16ರದ್ದೂ ಅಲ್ಯೂಮಿನಿಯಂ ತಾನೇ ಎನ್ನುತ್ತಾರೆ. ಹೌದು, ಕೆಟ್ಟರೆ ಎಸೆದು ಬೇರೆ ಹಾಕಿಕೊಳ್ಳುವ ಲೆಕ್ಕದಲ್ಲಿ ಹುಟ್ಟಿದ್ದು ಅದು. ನಮ್ಮ ಲೈಸೆನ್ಸುದಾರರಿಗೆ ಆ ಶ್ರೀಮಂತಿಕೆ ಎಲ್ಲಿದೆ? ಇನ್ನು ಪ್ಲಾಸ್ಟಿಕ್ಕಿನವರು 1999ರ ಕಾರ್ಗಿಲ್ ಯುದ್ಧದ ಚಳಿಯಲ್ಲಿ ನಮ್ಮ ಸೇನೆಯ ಇನ್ಸಾಸ್ ರೈಫಲ್ಲಿನ ಮ್ಯಾಗಜಿನ್ ಬಿರುಕು ಬಿಟ್ಟದ್ದನ್ನು ನೆನೆಸಿಕೊಂಡರೆ ಸಾಕು.

ಉಕ್ಕಿಗೆ ತುಕ್ಕಿನ ಕಾಟ ಉಂಟು. ಇದೇ ಹುಣಸೂರು ರಸ್ತೆ ಹಿಡಿದು ಕೊಡಗಿಗೆ ಹೋದರೆ ಅಲ್ಲಿನ ಮಳೆಗಾಲ ಉಕ್ಕಿನ ಮೇಲಿನ ಎಂಥ ಬ್ಲೂಯಿಂಗ್ ಲೇಪವನ್ನೂ ತಿಂದುಹಾಕುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸುವಷ್ಟು ವ್ಯವಧಾನ ಇಲ್ಲದವರು ಕೋವಿ ಇಟ್ಟುಕೊಳ್ಳುವುದೇ ಬೇಡ.

ಅಷ್ಟಕ್ಕೂ ತೂಕದ ಜಗಳ ಆರೇಳು ಮ್ಯಾಗಜಿನ್ ಹೊತ್ತು ಬೆಟ್ಟ ಹತ್ತುವ ಸೈನಿಕನದು. ಐದು ತೋಟಾದ .22 ಇಟ್ಟುಕೊಂಡು ಕೊಡವರ ಆಯುಧ ಹಬ್ಬವಾದ ಕೈಲ್ ಪೊಳ್ದ್ ಹೊತ್ತಿನಲ್ಲಿ ತೆಂಗಿನಕಾಯಿಗೆ ಗುರಿ ಹಿಡಿಯುವವರಿಗೆ ಅದು ಏಕೆ? ಒಲಿಂಪಿಕ್ಸಿನ 50 ಮೀಟರ್ ರೈಫಲ್ಲಿಗಂತೂ ಮ್ಯಾಗಜಿನ್ನೇ ಇಲ್ಲ, ಒಂದೊಂದೇ ತೋಟಾ ಕೈಯಲ್ಲಿ ಹಾಕಬೇಕು. .22 ಮಂದಿ ಲೋಹಕ್ಕಿಂತ ಮೊದಲು ರಿಮ್, ಅಂದರೆ ತೋಟಾದ ಬುಡದ ಹೊರಚಾಚಿದ ಅಂಚು, ನೋಡಿಕೊಳ್ಳಲಿ. ಮೇಲಿನ ತೋಟಾದ ರಿಮ್ ಕೆಳಗಿನದರ ರಿಮ್ಮಿಗಿಂತ ಮುಂದೆ ಕೂರಬೇಕು. ಹಿಂದೆ ಬಿತ್ತೋ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಗ ಡಬ್ಬಿ ಬಂಗಾರದ್ದಾದರೂ ಅಷ್ಟೇ.

ಬೇಟೆಗಾರ ಕೆನೆತ್ ಆಂಡರ್ಸನ್ನರ ಅನುಭವಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಓದಿದವರಿಗೆಲ್ಲ ನರಭಕ್ಷಕ ನೆನಪಿರುತ್ತದೆ, ಆಂಡರ್ಸನ್ನರ .405 ವಿಂಚೆಸ್ಟರಿನ ಹೊಟ್ಟೆ ಯಾರಿಗೂ ನೆನಪಿರುವುದಿಲ್ಲ. ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿ ಅದು. ಉಕ್ಕಿನ ಮ್ಯಾಗಜಿನ್ ಕೋವಿಯ ಮೈಗೇ ಸೇರಿದೆ, ಬಿಚ್ಚಿ ಬೀಳಿಸಿಕೊಳ್ಳುವ ಮಾತೇ ಇಲ್ಲ. ಲಿವರ್ ಇಳಿಸಿ ಮೇಲಿನಿಂದ ಒಂದೊಂದಾಗಿ ಒತ್ತಿದರೆ ಹಿಡಿಸುವುದು ನಾಲ್ಕು. ಅವೂ ರಿಮ್ ಇರುವ ತೋಟಾಗಳೇ. ನರಭಕ್ಷಕನ ಎದುರು ನಿಂತವರು ಆ ನಾಲ್ಕನ್ನು ತುಂಬಿಕೊಳ್ಳುವಾಗ ರಿಮ್ ನೋಡಿಯೇ ತುಂಬಿರುತ್ತಾರೆ.