ಭಸ್ಮಾಸುರನಿಗೆ ವಯಸ್ಸಾದಾಗ

ಪ್ಯಾರಿಸ್ ಒಪೆರಾದ ಬ್ಯಾಲೆಯಲ್ಲಿ ನರ್ತಕರ ನಿವೃತ್ತಿಗೆ ಗೊತ್ತುಮಾಡಿದ ವಯಸ್ಸು 42. ಎಷ್ಟು ದೊಡ್ಡ ಹೆಸರಿದ್ದರೂ ಅಷ್ಟೇ. ಒಂದು ವಿದಾಯದ ಪ್ರದರ್ಶನ, ಹೂಗುಚ್ಛ, ಎದ್ದು ನಿಂತವರ ಚಪ್ಪಾಳೆ, ಆಮೇಲೆ ಪಿಂಚಣಿ. ಹೊನ್ನಾವರ ತಾಲೂಕು ಹೊಸಾಕುಳಿಯ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ, ಅವರಿಗೆ 42 ತುಂಬಿದ್ದು 1975ರಲ್ಲಿ. ತೀರಿಕೊಂಡದ್ದು 2017ರ ಅಕ್ಟೋಬರಿನಲ್ಲಿ. ಪ್ಯಾರಿಸ್ಸಿನಲ್ಲಿದ್ದಿದ್ದರೆ ಗೆಜ್ಜೆ ಬಿಚ್ಚಿಡಬೇಕಾಗಿದ್ದ ವಯಸ್ಸಿನಿಂದಾಚೆಗೆ ಇನ್ನೂ 42 ವರ್ಷ ಅವರು ಬದುಕಿದರು. ಕೊನೆಕೊನೆಯವರೆಗೂ ಬಣ್ಣ ಹಚ್ಚುತ್ತಲೇ ಇದ್ದರು.

ಇದನ್ನು ಒಬ್ಬ ಮನುಷ್ಯನ ಅಪೂರ್ವ ಶರೀರಶಕ್ತಿ ಎಂದು ಹೊಗಳಿ ಮುಗಿಸುವುದು ಸುಲಭ. ಶಕ್ತಿ ಇತ್ತು, ಇಲ್ಲವೆನ್ನುವವರಾರು? ಆದರೆ ಅಷ್ಟು ದೀರ್ಘವಾದ ರಂಗಜೀವನಕ್ಕೆ ಬಡಗುತಿಟ್ಟಿನ ಆಟದ ಕಟ್ಟುಪಾಡೇ ಜಾಗ ಮಾಡಿಕೊಟ್ಟಿತ್ತು ಎಂಬುದು ನನ್ನ ನಂಬಿಕೆ.

ಬ್ಯಾಲೆಯಲ್ಲಿ ಹೆಜ್ಜೆಗಳನ್ನು ಮೊದಲೇ ಕಟ್ಟಿಟ್ಟಿರುತ್ತಾರೆ. 'ಸ್ವಾನ್ ಲೇಕ್'ನ ಮೂರನೆಯ ಅಂಕದಲ್ಲಿ ಕಪ್ಪು ಹಂಸದ ನರ್ತಕಿ ಒಂದೇ ಕಾಲಿನ ಬೆರಳ ತುದಿಯ ಮೇಲೆ 32 ಸುತ್ತು ತಿರುಗುವುದು ರೂಢಿ. ಇಪ್ಪತ್ತರವಳಿಗೂ 32, ನಲವತ್ತರವಳಿಗೂ 32. ನೋಡುವವರು ಮನಸ್ಸಿನಲ್ಲೇ ಎಣಿಸುತ್ತಾರೆ. ಲಂಡನ್ನಿನ ಮಾರ್ಗೊ ಫಾಂಟೇನ್ 1962ರಲ್ಲಿ, ತಮ್ಮ 42ರ ವಯಸ್ಸಿನಲ್ಲಿ, ತಮಗಿಂತ ಬಹಳ ಕಿರಿಯರಾದ ರುಡಾಲ್ಫ್ ನುರಿಯೆವ್ ಜೊತೆ 'ಜಿಸೆಲ್' ಕುಣಿದು ಮತ್ತೆ ಬಹಳ ವರ್ಷ ರಂಗದಲ್ಲಿ ಉಳಿದದ್ದನ್ನು ಆ ಲೋಕ ಇಂದಿಗೂ ಬೆರಗಿನಿಂದ ಹೇಳುತ್ತದೆ. ಅಲ್ಲಿ ಅದು ಅಪವಾದ.

ನಮ್ಮಲ್ಲಿ ಭಾಗವತರು ಪದ್ಯ ಎತ್ತುತ್ತಾರೆ. ತಾಳ ಗೊತ್ತು, ರಾಗ ಗೊತ್ತು, ಕಥೆಯಂತೂ ಊರಿಗೆಲ್ಲ ಗೊತ್ತು. ಆ ಪದ್ಯದ ಒಂದು ಸಾಲಿನೊಳಗೆ ಎಷ್ಟು ಕುಣಿಯಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಕಣ್ಣು ಸಾಕು, ಯಾವ ಮಾತಿಗೆ ಇಡೀ ಮೈ ಬೇಕು ಎಂಬುದು ವೇಷಧಾರಿಗೆ ಬಿಟ್ಟದ್ದು. ಭಾಗವತರು ಬರೀ ಹಾಡುವವರಲ್ಲ, ಆಟ ನಡೆಸುವವರು. ಎದುರು ನಿಂತ ವೇಷದ ಉಸಿರು ಅವರಿಗೆ ತಿಳಿಯುತ್ತದೆ. ಬೇಕೆಂದಾಗ ಕಾಲ ಇಳಿಸುತ್ತಾರೆ, ಅದೇ ಸಾಲನ್ನು ಮತ್ತೊಮ್ಮೆ ಹೇಳುತ್ತಾರೆ, ಮದ್ದಳೆಗೆ ಕಣ್ಣಲ್ಲೇ ಸೂಚನೆ ಕೊಡುತ್ತಾರೆ. ಹೀಗೆ ಕಲಾವಿದನ ವಯಸ್ಸಿನ ಭಾರದಲ್ಲಿ ಒಂದು ಪಾಲನ್ನು ಹಿಮ್ಮೇಳ ಹೊರುತ್ತದೆ.

ಚಿಟ್ಟಾಣಿಯವರ ಯೌವನದ ಕೀರ್ತಿ ಬಂದದ್ದು ವೇಗದಿಂದ. ಬಡ ಮನೆಯ ಹುಡುಗ. ಶಾಲೆ ಎರಡನೆಯ ಇಯತ್ತೆಗೇ ನಿಂತಿತು. ಕಲಿತದ್ದೆಲ್ಲ ಚೌಕಿಯಲ್ಲಿ, ರಂಗದ ಪಕ್ಕದಲ್ಲಿ, ಹಿರಿಯರ ವೇಷ ನೋಡುತ್ತ. ಹೊನ್ನಾವರದ ಸುತ್ತ ಇಂಥ ಕಲಿಕೆಗೆ ಬರ ಇರಲಿಲ್ಲ. ಗುಂಡಬಾಳೆಯ ಮುಖ್ಯಪ್ರಾಣನ ಸನ್ನಿಧಿಯಲ್ಲಿ ಋತು ಶುರುವಾದರೆ ರಾತ್ರಿಯ ಮೇಲೆ ರಾತ್ರಿ ಹರಕೆ ಆಟ. ಕರ್ಕಿಯ ಹಾಸ್ಯಗಾರರ ಮನೆತನ ಒಂದು ಕಡೆ, ಗುಣವಂತೆಯ ಕೆರೆಮನೆ ಇನ್ನೊಂದು ಕಡೆ. ಈ ನೀರು ಕುಡಿದು ಬೆಳೆದ ಚಿಟ್ಟಾಣಿ, ಕೋಟ ಅಮೃತೇಶ್ವರಿ, ಸಾಲಿಗ್ರಾಮ, ಪೆರ್ಡೂರು ಮೇಳಗಳಿಗೆ ಹೋದಾಗ ಹೊನ್ನಾವರದ ಕಡೆಯ ಕುಣಿತವನ್ನು ಕುಂದಾಪುರ, ಉಡುಪಿಯ ಕಡೆಯ ಪ್ರೇಕ್ಷಕರ ಮುಂದೆ ಇಟ್ಟರು. ಅದು ಟೆಂಟ್ ಮೇಳಗಳ ಕಾಲ. ಟಿಕೆಟ್ ಮಾರಿದರೆ ಮಾತ್ರ ಸಂಬಳ. ಜನ ಯಾರ ಹೆಸರು ನೋಡಿ ಬರುತ್ತಾರೋ ಆ ಹೆಸರು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ. ಕೀಚಕ, ದುಷ್ಟಬುದ್ಧಿ, ಕಾರ್ತವೀರ್ಯ, ಭಸ್ಮಾಸುರ ಎಂದರೆ ಚಿಟ್ಟಾಣಿ ಎನ್ನುವ ಹಾಗಾಯಿತು.

ಕುಣಿತ ಜಾಸ್ತಿಯಾಯಿತು, ಪಾತ್ರದ ಗಾಂಭೀರ್ಯ ಕಡಿಮೆಯಾಯಿತು, ಜನ ಸೀಟಿ ಹೊಡೆಯಲೆಂದೇ ಸೊಂಟ ಬಳುಕಿತು ಎಂಬ ಟೀಕೆ ಆಗಲೇ ಇತ್ತು, ಈಗಲೂ ಇದೆ. ಟೀಕಿಸಿದವರು ಆಟ ಬಲ್ಲವರೇ ಆದ್ದರಿಂದ ಅದನ್ನು ತಳ್ಳಿಹಾಕಲಾರೆ. ಚಿಟ್ಟಾಣಿಯವರನ್ನು ಅನುಕರಿಸಿದ ಅನೇಕರಲ್ಲಿ ಉಳಿದದ್ದು ಬಳುಕು ಮಾತ್ರ, ಅದೂ ನಿಜ. ಆದರೆ ಚಿಟ್ಟಾಣಿಯವರಲ್ಲೇ ಬೇರೊಂದು ಇತ್ತು: ಪದ್ಯಾಭಿನಯ. ಭಾಗವತರು ಒಂದೇ ಸಾಲನ್ನು ನಾಲ್ಕು ಸಲ ಹೇಳಿದರೆ ನಾಲ್ಕು ಸಲವೂ ಬೇರೆ ಅರ್ಥ ಕಾಣುತ್ತಿತ್ತು. ಸೈರಂಧ್ರಿಯನ್ನು ಕಂಡ ಕೀಚಕ ಮೊದಲ ಸಲ ಬೆರಗಾದ, ಎರಡನೆಯ ಸಲ ತನ್ನ ಮೀಸೆಯನ್ನೇ ಮೆಚ್ಚಿಕೊಂಡ, ಮೂರನೆಯ ಸಲ ಅಂಗಲಾಚಿದ, ನಾಲ್ಕನೆಯ ಸಲಕ್ಕೆ ಅವನ ಕಣ್ಣಿನಲ್ಲಿ ಬೆದರಿಕೆ ಬಂತು. ವೇಗದ ಗದ್ದಲದಲ್ಲಿ ಯೌವನದ ಪ್ರೇಕ್ಷಕರಿಗೆ ಇದು ಪೂರ್ತಿ ಕಂಡಿತ್ತೋ ಇಲ್ಲವೋ. ವಯಸ್ಸಾಗಿ ವೇಗ ತಗ್ಗಿದ ಮೇಲೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ.

ಭಸ್ಮಾಸುರನನ್ನು ನೋಡಿ. ಇಡೀ ಪ್ರಸಂಗ ನಿಂತಿರುವುದು ಒಬ್ಬಳ ಕುಣಿತವನ್ನು ಇನ್ನೊಬ್ಬ ಅನುಸರಿಸುವುದರ ಮೇಲೆ. ಮೋಹಿನಿ ಹೆಜ್ಜೆ ಇಡುತ್ತಾಳೆ, ರಾಕ್ಷಸ ಅದನ್ನೇ ಇಡಬೇಕು. ಅವಳು ಕೈ ತಿರುಗಿಸಿದರೆ ಇವನೂ ತಿರುಗಿಸಬೇಕು. ಕೊನೆಗೆ ಅವಳು ತಲೆಯ ಮೇಲೆ ಕೈ ಇಡುತ್ತಾಳೆ, ಇವನೂ ಇಡುತ್ತಾನೆ, ಉರಿದುಹೋಗುತ್ತಾನೆ. ನಮ್ಮ ತಂದೆಯವರ ಪ್ರಾಯದವರು ನೋಡಿದ ಚಿಟ್ಟಾಣಿಯ ಭಸ್ಮಾಸುರ ಮೋಹಿನಿಗೆ ಸರಿಸಾಟಿ. ಅದೊಂದು ಪಂದ್ಯ, ಚಂಡೆಯ ಪೆಟ್ಟಿಗೆ ಇಬ್ಬರಲ್ಲಿ ಯಾರು ಸೋಲುತ್ತಾರೆಂದು ಜನ ಎದ್ದು ನಿಂತು ನೋಡುತ್ತಿದ್ದರಂತೆ. ನಮ್ಮ ಪ್ರಾಯದವರು ನೋಡಿದ್ದು ಎಪ್ಪತ್ತು ದಾಟಿದ ಭಸ್ಮಾಸುರನನ್ನು. ಎದುರಿಗೆ ಮಗನ ಪ್ರಾಯದ, ಕೆಲವೊಮ್ಮೆ ಮೊಮ್ಮಗನ ಪ್ರಾಯದ ಮೋಹಿನಿ. ಅವಳ ಎಂಟು ಹೆಜ್ಜೆಗೆ ಇವರದು ಮೂರು. ಆದರೆ ಆ ಮೂರನ್ನು ಇಡುವಾಗ ಮುಖದಲ್ಲಿದ್ದ ಆಸೆ! ಪ್ರಾಯ ಮೀರಿದವನೊಬ್ಬ ಹೆಣ್ಣಿನ ಹಿಂದೆ ಹೋಗಿ, ಅವಳು ಮಾಡಿದ್ದೆಲ್ಲ ತನಗೂ ಸಾಧ್ಯ ಎಂದು ತೋರಿಸಲು ಹೆಣಗುವುದು, ಒಂದು ಹೆಜ್ಜೆ ಕೂಡಿಬಂದಾಗ ಮಗುವಿನ ಹಾಗೆ ಹಿಗ್ಗುವುದು. ಆ ಹಿಗ್ಗಿನಲ್ಲೇ ತಲೆಯ ಮೇಲೆ ಕೈ ಹೋಗುತ್ತದೆ. ರಾಕ್ಷಸನ ಸಾವಿಗೆ ಕನಿಕರ ಹುಟ್ಟಿದ್ದು ನನಗೆ ಅಲ್ಲೇ ಮೊದಲು. ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ, ಹಿಂದಿನದನ್ನು ನೋಡಿದವರ ಕ್ಷಮೆ ಕೋರಿ, ಮುದಿ ಭಸ್ಮಾಸುರನೇ ಎನ್ನುತ್ತೇನೆ.

2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಯಕ್ಷಗಾನ ಕಲಾವಿದರೊಬ್ಬರಿಗೆ ಬಂದ ಮೊದಲನೆಯದು. ಆಗ ಅವರಿಗೆ 79. ಪ್ರಶಸ್ತಿ ತಡವಾಯಿತು ಎಂದರು ಕೆಲವರು. ಹೌದು, ತಡವೇ.

ಇದೇ ತಾಲೂಕಿನ ಕೆರೆಮನೆ ಶಂಭು ಹೆಗಡೆಯವರ ದಾರಿ ಬೇರೆ. ನುರಿಯೆವ್ ಹುಟ್ಟಿದ 1938ರಲ್ಲೇ ಹುಟ್ಟಿದವರು. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ್ದರು, ಆದ್ದರಿಂದ ಮನೆಯೇ ಪಾಠಶಾಲೆ. ಅಷ್ಟಕ್ಕೆ ನಿಲ್ಲದೆ ಶಂಭು ಹೆಗಡೆ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆ ಕಲಿತರು. ಬೆಂಗಳೂರಿನ ಮಾಯಾ ರಾವ್ ಮಾಸ್ಕೋಗೆ ಹೋಗಿ ಬ್ಯಾಲೆ ಸಂಯೋಜಕ ರೊಸ್ತಿಸ್ಲಾವ್ ಜಖಾರೊವ್ ಅವರ ಬಳಿ ಓದಿ ಬಂದವರು. ರಷ್ಯದ ಬ್ಯಾಲೆಯ ರಂಗಶಿಸ್ತು ಹೀಗೆ ಒಂದು ಸುತ್ತು ಹಾಕಿ ಗುಣವಂತೆಗೆ ಬಂತು. ಬಂದು, ಇಲ್ಲಿನದನ್ನು ಕೆಡಿಸಲಿಲ್ಲ. ಶಂಭು ಹೆಗಡೆಯವರ ವೇಷ ರಂಗದ ಯಾವ ಮೂಲೆಯಲ್ಲಿ ನಿಂತರೂ ಅದಕ್ಕೊಂದು ಕಾರಣ ಇರುತ್ತಿತ್ತು. ಸುಮ್ಮನೆ ನಿಂತಾಗಲೂ ಬೆನ್ನಿನಲ್ಲಿ ಪಾತ್ರ ಇರುತ್ತಿತ್ತು. ಕಡಿಮೆ ಕುಣಿದು ಹೆಚ್ಚು ಹೇಳುವ ಕ್ರಮವನ್ನು ಅವರು ತಾರುಣ್ಯದಲ್ಲೇ ರೂಢಿಸಿಕೊಂಡದ್ದರಿಂದ ಮುಪ್ಪು ಅವರ ಆಟವನ್ನು ಅಷ್ಟಾಗಿ ಬದಲಿಸಲಿಲ್ಲ. 2009ರ ಫೆಬ್ರವರಿ ಆರಂಭದಲ್ಲಿ, ಇಡಗುಂಜಿಯ ತೇರಿನ ಸಮಯದ ಆಟದಲ್ಲಿ, ರಾಮನ ವೇಷದಲ್ಲಿದ್ದಾಗಲೇ ಅವರು ಅಸ್ವಸ್ಥರಾದರು, ಅಲ್ಲಿಂದ ಮರಳಲಿಲ್ಲ.

ಕೊನೆಯವರೆಗೂ ಕುಣಿಯುವುದನ್ನು ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಪ್ಯಾರಿಸ್ಸಿನವರಿಗೆ ಪಿಂಚಣಿ ಇದೆ. ನಮ್ಮ ಎರಡನೆಯ ವೇಷ, ಮೂರನೆಯ ವೇಷದವರಿಗೆ ಮೇಳದ ತಿರುಗಾಟ ಮುಗಿದರೆ ಮಳೆಗಾಲವಿಡೀ ಸಂಬಳವಿಲ್ಲ. ಮಂಡಿಕುಣಿತದಲ್ಲಿ ಸವೆದ ಮೊಣಕಾಲು ಹಿಡಿದುಕೊಂಡೇ ಬಣ್ಣ ಹಚ್ಚಿದವರೆಲ್ಲ ಕಲೆಯ ಮೋಹಕ್ಕೇ ಹಚ್ಚಿದರು ಎಂದುಕೊಳ್ಳಬಾರದು.

ಈಗ ಕಾಲಮಿತಿಯ ಆಟ ಬಂದಿದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ತಡೆ, ಬೆಳಿಗ್ಗೆ ಕೆಲಸಕ್ಕೆ ಹೋಗುವ ಜನ, ಎಲ್ಲವೂ ಅರ್ಥವಾಗುವ ಕಾರಣಗಳೇ. ಇಡೀ ರಾತ್ರಿಯ ಆಟವೇ ಬೇಕೆಂದು ಹಟ ಹಿಡಿಯುವುದಿಲ್ಲ. ಆದರೆ ಮೂರು ತಾಸಿಗೆ ಪ್ರಸಂಗ ಕತ್ತರಿಸುವಾಗ ಮೊದಲು ಹೋಗುವುದು ವಿಳಂಬದ ಪದ್ಯಗಳು, ಮತ್ತೆ ಮತ್ತೆ ಹೇಳುವ ಸಾಲುಗಳು. ಉಳಿಯುವುದು ಏರುಕಾಲ, ಚಂಡೆ, ಯುದ್ಧ. ಅಂದರೆ 25ರ ಹುಡುಗನಿಗೆ ಬೇಕಾದದ್ದು ಉಳಿದು, 65ರ ಕಲಾವಿದನಿಗೆ ಬೇಕಾದದ್ದು ಹೋಗುತ್ತದೆ. ಹೀಗೆಯೇ ನಡೆದರೆ ಬಡಗಿನ ವೇಷಧಾರಿಗೂ 42ರ ಆಸುಪಾಸಿನಲ್ಲೊಂದು ಗೆರೆ ಬಿದ್ದೀತು.

ಆದ್ದರಿಂದ ಕುಮಟೆಯಿಂದ ಭಟ್ಕಳದವರೆಗೆ ಈ ಋತುವಿನಲ್ಲಿ ಆಟ ಆಡಿಸುವವರಲ್ಲಿ ನನ್ನ ಕೇಳಿಕೆ ಇಷ್ಟು. ಹಿರಿಯ ವೇಷಧಾರಿಯೊಬ್ಬರನ್ನು ಕರೆದರೆ ಶಾಲು ಹೊದಿಸಿ ಹತ್ತು ನಿಮಿಷಕ್ಕೆ ಕಳಿಸಬೇಡಿ. ಭಾಷಣಗಳನ್ನು ಬಿಟ್ಟು ಅಷ್ಟು ಹೊತ್ತನ್ನು ಅವರಿಗೆ ಕೊಡಿ, ಒಂದು ಪದ್ಯವನ್ನು ಅವರ ಕಾಲದಲ್ಲಿ, ಅವರು ಸಾಕು ಎನ್ನುವವರೆಗೆ ಹಾಡಲು ಭಾಗವತರಿಗೆ ಮೊದಲೇ ಹೇಳಿಡಿ.